ಲೆಕ್ಕದ ಕಟ್ಟೆ: ಹಿಂದಿನದೆಲ್ಲ ಕೂಡಿದರೂ ಒಂದು ಕಾಳು ಕಡಿಮೆ

ಈ ತಿಂಗಳ ಪತ್ರಗಳನ್ನು ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹರಡಿಕೊಂಡು ಕುಳಿತಾಗ ಒಂದು ತಮಾಷೆ ಕಂಡಿತು. ಒಬ್ಬರು ಸಾಲದ ಬಗ್ಗೆ ಕೇಳಿದ್ದಾರೆ, ಒಬ್ಬರು ಹಾರ್ಮೋನಿಯಂ ಬಗ್ಗೆ, ಇನ್ನೊಬ್ಬರು ಕೆರೆಯ ಕಳೆಯ ಬಗ್ಗೆ. ಒಬ್ಬರಿಗೊಬ್ಬರ ಪರಿಚಯವಿಲ್ಲ. ಆದರೆ ಎಲ್ಲರೂ ಕೇಳಿದ್ದು ಒಂದನ್ನೇ, ಗುಣೋತ್ತರ ಶ್ರೇಢಿಯನ್ನು, ಅಂದರೆ ಪ್ರತಿ ಸಂಖ್ಯೆಯೂ ತನ್ನ ಹಿಂದಿನದರ ಅಷ್ಟಷ್ಟೇ ಪಟ್ಟಾಗುತ್ತ ಹೋಗುವ ಸಾಲನ್ನು. ಅದರ ಲೆಕ್ಕವನ್ನು ಹೆಸರು ಹಿಡಿದು ನೇರವಾಗಿ ಕೇಳಿದವಳು ಒಬ್ಬಳೇ ಹುಡುಗಿ. ಆದ್ದರಿಂದ ಮೊದಲ ಮಣೆ ಅವಳಿಗೆ.

ಪ್ರಶ್ನೆ: ಮಾಸ್ತರರೇ, ನಾನು ಪಿಯುಸಿ ಮೊದಲ ವರ್ಷದಲ್ಲಿದ್ದೇನೆ. ಹತ್ತನೆಯ ತರಗತಿಯ ಸಮಾಂತರ ಶ್ರೇಢಿ ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರವೂ ಬಾಯಿಪಾಠವಿದೆ, ಆದರೆ ಅದು ಎಲ್ಲಿಂದ ಬಂತೋ ತಿಳಿಯದು. ಅದರಲ್ಲಿ ಒಂದನ್ನು ಏಕೆ ಕಳೆಯುತ್ತಾರೆ? ಒಂದೇ ಮೊತ್ತಕ್ಕೆ ಎರಡು ಸೂತ್ರ ಏಕೆ? ಘಾತವಾಗಿ ಪದಗಳ ಸಂಖ್ಯೆಯನ್ನೇ ಹಾಕಬೇಕೋ ಒಂದು ಕಡಿಮೆ ಹಾಕಬೇಕೋ ಎಂದು ಪರೀಕ್ಷೆಯಲ್ಲಿ ಪ್ರತಿಸಲ ಕೈ ನಡುಗುತ್ತದೆ.
(ವಿದ್ಯಾರ್ಥಿನಿ, ರಾಣೆಬೆನ್ನೂರು)

ತಂಗಿ, ಸೂತ್ರವನ್ನು ಸ್ವಲ್ಪ ಹೊತ್ತು ಕಪಾಟಿನಲ್ಲಿಡು. ಅಡುಗೆಮನೆಯಿಂದ ಒಂದು ಬಟ್ಟಲು ಜೋಳ ತೆಗೆದುಕೊಂಡು ಬಾ.

ಚದುರಂಗದ ಹಾಸಿನ ಕಥೆ ನಿನಗೆ ಗೊತ್ತಿರಬೇಕು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ ಇಮ್ಮಡಿಸುತ್ತ ಹೋಗು ಎಂದು ಒಬ್ಬ ಜಾಣ ರಾಜನನ್ನು ಕೇಳಿದನಂತೆ. ಕಥೆಯಲ್ಲಿ ಅಕ್ಕಿಯೋ ಗೋಧಿಯೋ ಇರುತ್ತದೆ. ನಮ್ಮ ಕಡೆಗೆ ಬಿಳಿಜೋಳವೇ ಇರಲಿ. ಕಳೆದ ವಾರ ನಾನು ಸಾವಿರ ಕಾಳು ಎಣಿಸಿ, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. ಎಣಿಸುವಾಗ ಎರಡು ಬಾರಿ ಲೆಕ್ಕ ತಪ್ಪಿತು. 34 ವರ್ಷ ಗಣಿತ ಕಲಿಸಿದವನ ಪಾಡು ನೋಡಿ ಮನೆಯವಳು ಸೆರಗಿನ ಮರೆಯಲ್ಲಿ ನಕ್ಕಳು. ತೂಕ 33 ಗ್ರಾಂ ಬಂತು. ಅಂದರೆ ಗ್ರಾಮಿಗೆ 30 ಕಾಳು, ಕಿಲೋಗೆ 30 ಸಾವಿರ, ಕ್ವಿಂಟಲಿಗೆ 30 ಲಕ್ಷ ಎಂದು ಹಿಡಿಯೋಣ.

ಮೊದಲ ಸಾಲಿನ ಎಂಟು ಮನೆ ತುಂಬಿದಾಗ ಒಟ್ಟು 255 ಕಾಳು, ಎಂಟೂವರೆ ಗ್ರಾಂ. ಗುಬ್ಬಿಗೆ ಹಾಕುವಷ್ಟು. ರಾಜ ನಕ್ಕಿರಬೇಕು. ಎರಡನೆಯ ಸಾಲು ಮುಗಿದಾಗ 65,535 ಕಾಳು, ಎರಡು ಕಿಲೋ ಚಿಲ್ಲರೆ. ಒಂದು ಮನೆಗೆ ಕೆಲವು ದಿನದ ರೊಟ್ಟಿಯಾಯಿತು. ಮೂರನೆಯ ಸಾಲಿಗೆ ಐದೂವರೆ ಕ್ವಿಂಟಲ್ ದಾಟುತ್ತದೆ. ನಾಲ್ಕನೆಯ ಸಾಲಿಗೆ, ಅಂದರೆ ಹಾಸು ಇನ್ನೂ ಅರ್ಧ ತುಂಬಿದಾಗ, 1,431 ಕ್ವಿಂಟಲ್. ಲಾರಿಗೆ ನೂರು ಕ್ವಿಂಟಲಿನಂತೆ ಹೇರಿದರೆ ಹದಿನಾಲ್ಕು ಲಾರಿ ತುಂಬಿ ಉಳಿಯುತ್ತದೆ. 64 ಮನೆಗೂ ಸೇರಿ 1,84,46,74,40,73,70,95,51,615 ಕಾಳು. ನನ್ನ ತಕ್ಕಡಿಯ ಲೆಕ್ಕದಲ್ಲಿ ಆರು ಲಕ್ಷ ಕೋಟಿ ಕ್ವಿಂಟಲಿಗೂ ಹೆಚ್ಚು.

ದೊಡ್ಡ ಸಂಖ್ಯೆ ನೋಡಿ ಬೆರಗಾಗುವುದು ಸುಲಭ. ನಾನು ನಿನಗೆ ತೋರಿಸಬೇಕೆಂದಿರುವುದು ಚಿಕ್ಕ ಸಂಖ್ಯೆಗಳಲ್ಲೇ ಇದೆ. 1, 2, 4 ಕೂಡಿಸಿದರೆ 7. ಮುಂದಿನ ಮನೆಯಲ್ಲಿ 8. ಅದನ್ನೂ ಕೂಡಿಸಿದರೆ 15. ಮುಂದಿನ ಮನೆಯಲ್ಲಿ 16. ಹಿಂದಿನ ಮನೆಗಳನ್ನೆಲ್ಲ ಕೂಡಿ ಹಾಕಿದರೂ ಮುಂದಿನ ಮನೆಗಿಂತ ಸರಿಯಾಗಿ ಒಂದು ಕಾಳು ಕಡಿಮೆ. ಏಕೆ? ನೆರೆಯವರಿಂದ ಒಂದು ಕಾಳು ಕೈಗಡ ತಾ. ಆ ಕಾಳನ್ನು ಮೊದಲ ಮನೆಯ ಒಂದರ ಜೊತೆ ಸೇರಿಸು, ಎರಡಾಯಿತು. ಆ ಎರಡನ್ನು ಎರಡನೆಯ ಮನೆಯ ಎರಡಕ್ಕೆ ಸೇರಿಸು, ನಾಲ್ಕು. ಆ ನಾಲ್ಕು ಮೂರನೆಯ ಮನೆಯ ನಾಲ್ಕಕ್ಕೆ ಜೊತೆಯಾಗಿ ಎಂಟು. ಹೀಗೆ ಎಲ್ಲಿ ನಿಲ್ಲಿಸಿದರೂ ಕೈಯಲ್ಲಿ ಮುಂದಿನ ಮನೆಗೆ ಬೇಕಾದಷ್ಟೇ ಇರುತ್ತದೆ. ಈಗ ಕೈಗಡ ತಂದದ್ದನ್ನು ಹಿಂದಿರುಗಿಸು. ಸೂತ್ರದಲ್ಲಿ ನೀನು ಕಳೆಯುವ ಆ ಒಂದು ಇದೇ, ತಂಗಿ. ಸಾಲ ತೀರಿಸಿದ ಕಾಳು.

ಇಮ್ಮಡಿಗೆ ಇದು ಸಾಕು. ಮುಮ್ಮಡಿ, ನಾಲ್ಮಡಿಗೆ ಶಾಲೆಯ ಅಂಗಳಕ್ಕೆ ಬಾ. ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದಾರೆ, ಎದೆಯ ಮೇಲೆ ಚೀಟಿ: 2, 6, 18, 54, 162. ಎದುರಿಗೆ ಇನ್ನೊಂದು ಸಾಲು, ಪ್ರತಿಯೊಬ್ಬರ ಚೀಟಿಯಲ್ಲೂ ಮೂರು ಪಟ್ಟು: 6, 18, 54, 162, 486. ಎರಡನೆಯ ಸಾಲಿಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಲು ಹೇಳು. ಈಗ 6ರ ಎದುರು 6, 18ರ ಎದುರು 18, 54ರ ಎದುರು 54, 162ರ ಎದುರು 162. ಸಮನಾದವರು ಕೈಕೈ ಹಿಡಿದು ತರಗತಿಗೆ ಹೋಗಲಿ. ಅಂಗಳದಲ್ಲಿ ಜೊತೆಯಿಲ್ಲದೆ ಉಳಿದವರು ಇಬ್ಬರೇ: ಮೊದಲ ಸಾಲಿನ ತಲೆಯಲ್ಲಿರುವ 2, ಎರಡನೆಯ ಸಾಲಿನ ತುದಿಯಲ್ಲಿರುವ 486. ಎರಡನೆಯ ಸಾಲಿನ ಮೊತ್ತ ಮೊದಲನೆಯದರ ಮೂರು ಪಟ್ಟು. ಆದ್ದರಿಂದ ಎರಡರ ವ್ಯತ್ಯಾಸ ಮೊದಲ ಸಾಲಿನ ಎರಡು ಪಟ್ಟು. ಆ ವ್ಯತ್ಯಾಸ 486 − 2 = 484. ಅರ್ಧ ಮಾಡಿದರೆ 242. ಬೇಕಿದ್ದರೆ ಕೂಡಿಸಿ ನೋಡು.

ನಿನ್ನ ಸೂತ್ರ ಇಷ್ಟೇ: ಸಾಲಿನಲ್ಲಿ ಇನ್ನೂ ಬಂದು ನಿಲ್ಲದ ಮುಂದಿನ ಪದದಿಂದ ಮೊದಲ ಪದವನ್ನು ಕಳೆ, ಅನುಪಾತದಿಂದ (ಒಂದು ಪದ ಹಿಂದಿನದರ ಎಷ್ಟು ಪಟ್ಟೋ ಅದರಿಂದ) ಒಂದನ್ನು ಕಳೆದು ಬಂದದ್ದರಿಂದ ಭಾಗಿಸು. ಅನುಪಾತ ಒಂದಕ್ಕಿಂತ ಕಡಿಮೆಯಿದ್ದಾಗ ಮೇಲೆಯೂ ಕೆಳಗೆಯೂ ಋಣ ಚಿಹ್ನೆ ಬರುತ್ತದೆ. ಮಕ್ಕಳು ಚಿಹ್ನೆಯಲ್ಲಿ ತಪ್ಪಬಾರದೆಂದು ಪುಸ್ತಕದವರು ಎರಡೂ ಕಡೆ ಕಳೆಯುವ ಕ್ರಮವನ್ನು ತಿರುಗಿಸಿ ಇನ್ನೊಂದು ರೂಪ ಕೊಟ್ಟಿದ್ದಾರೆ. ಅವು ಎರಡು ಸೂತ್ರಗಳಲ್ಲ, ಒಂದೇ ಅಂಗಿಯನ್ನು ಒಳಮೈ ಹೊರಗಾಗಿ ಹಾಕಿಕೊಂಡಂತೆ. ಅನುಪಾತ ಸರಿಯಾಗಿ ಒಂದೇ ಆಗಿದ್ದರೆ ಮಾತ್ರ ಸೂತ್ರ ಕೈಕೊಡುತ್ತದೆ. ಸೊನ್ನೆಯಿಂದ ಭಾಗಿಸುವ ಪಾಡು. ಆಗ ಎಲ್ಲ ಪದಗಳೂ ಸಮ, ಮೊದಲ ಪದವನ್ನು ಪದಗಳ ಸಂಖ್ಯೆಯಿಂದ ಗುಣಿಸಿದರಾಯಿತು.

ಇನ್ನು ಘಾತದ ಗೊಂದಲ. ಹಳೆಯ ಮನೆಯ ಪಡಸಾಲೆಯಲ್ಲಿ ಸಾಲಾಗಿ ಹತ್ತು ಕಂಬಗಳಿದ್ದರೆ ನಡುವಿನ ಅಂಕಣ ಎಷ್ಟು? ಒಂಬತ್ತು. ಪದಗಳು ಕಂಬಗಳು, ಗುಣಾಕಾರ ನಡೆಯುವುದು ಕಂಬದಿಂದ ಕಂಬಕ್ಕೆ ದಾಟುವಾಗ, ಅಂಕಣದಲ್ಲಿ. ಹತ್ತನೆಯ ಕಂಬ ಮುಟ್ಟಲು ಒಂಬತ್ತು ಬಾರಿ ಗುಣಿಸಿದರೆ ಸಾಕು, ಏಕೆಂದರೆ ಮೊದಲ ಕಂಬ ಮನೆಯಲ್ಲೇ ಇತ್ತು. ಆದ್ದರಿಂದ ಹತ್ತನೆಯ ಪದಕ್ಕೆ ಘಾತ 9. ಮೊತ್ತದಲ್ಲಿ ನಾವು ಹನ್ನೊಂದನೆಯ ಕಂಬವನ್ನು ಊಹಿಸಿಕೊಳ್ಳುತ್ತೇವೆ, ಆದ್ದರಿಂದ ಘಾತ 10. (ಪತ್ರಿಕೆಯಲ್ಲಿ ನನಗೆ ಕೊಟ್ಟಿರುವ ಈ ಜಾಗಕ್ಕೂ ಅಂಕಣವೆಂದೇ ಹೆಸರು. ಎರಡು ಜಾಹೀರಾತುಗಳ ಕಂಬಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಇರಬಹುದು.)

ಪ್ರಶ್ನೆ: ಐವತ್ತೆರಡನೆಯ ವಯಸ್ಸಿನಲ್ಲಿ ಹಾರ್ಮೋನಿಯಂ ಕಲಿಯಲು ಹೊರಟಿದ್ದೇನೆ. ಮಧ್ಯ ಷಡ್ಜದಿಂದ (ನಡುವಿನ 'ಸ') ತಾರ ಷಡ್ಜಕ್ಕೆ (ಮೇಲಿನ 'ಸ') ಕಂಪನ ಇಮ್ಮಡಿ ಎನ್ನುತ್ತಾರೆ ನಮ್ಮ ಗುರುಗಳು. ಹಾಗಾದರೆ ಮಂದ್ರ ಷಡ್ಜದಿಂದ (ಕೆಳಗಿನ 'ಸ') ತಾರ ಷಡ್ಜಕ್ಕೆ ಮುಮ್ಮಡಿ ಆಗಬೇಕಲ್ಲವೇ? ನಾಲ್ಕು ಪಟ್ಟು ಎಂದು ಅವರು ಹೇಳಿದಾಗ ಮರುಮಾತಾಡಲು ಆಗಲಿಲ್ಲ.
(ಬಟ್ಟೆ ವ್ಯಾಪಾರಿ, ಗದಗ)

ಗುರುಗಳು ಹೇಳಿದ್ದೇ ಸರಿ. ಮಂದ್ರ ಷಡ್ಜ ಸೆಕೆಂಡಿಗೆ 120 ಕಂಪನ ಎಂದಿಟ್ಟುಕೊಂಡರೆ ಮಧ್ಯ 240, ತಾರ 480. ನೀವು 120ಕ್ಕೆ 120 ಕೂಡಿಸುತ್ತ ಹೋಗಿದ್ದೀರಿ. ಕಿವಿ ಗುಣಿಸುತ್ತ ಹೋಗುತ್ತದೆ. ನಿಮ್ಮ ಲೆಕ್ಕದ 360 ಎಲ್ಲಿ ಬರುತ್ತದೆ ಗೊತ್ತೇ? ಮಧ್ಯ ಸಪ್ತಕದ ಪಂಚಮದಲ್ಲಿ, ಅಂದರೆ 'ಪ'ದಲ್ಲಿ. ಪೇಟಿಯಲ್ಲಿ ಒತ್ತಿ ನೋಡಿ, ಸುಖವಾಗಿ ಕೇಳುತ್ತದೆ, ಆದರೆ ಷಡ್ಜವಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳುತ್ತೇನೆ, ಏಕೆಂದರೆ ಈ ವಿಷಯ ನನಗೆ ಇಷ್ಟ. ಷಡ್ಜದಿಂದ ಮೇಲಿನ ಷಡ್ಜಕ್ಕೆ ಬಿಳಿ ಕರಿ ಪಟ್ಟಿಗಳೆಲ್ಲ ಸೇರಿ ಹನ್ನೆರಡು ಹೆಜ್ಜೆ. ಹನ್ನೆರಡೂ ಸಮನಾಗಿರಬೇಕು, ಕೊನೆಗೆ ಇಮ್ಮಡಿಯೂ ಆಗಬೇಕು. ಅಂದರೆ ಹನ್ನೆರಡು ಬಾರಿ ತನ್ನಿಂದ ತಾನು ಗುಣಿಸಿಕೊಂಡರೆ 2 ಆಗುವ ಸಂಖ್ಯೆ ಬೇಕು. ಅದು ಸುಮಾರು 1.0595. ಕಾರ್ಖಾನೆಯಿಂದ ಬರುವ ಪೇಟಿಯ ಪ್ರತಿ ಪಟ್ಟಿಯೂ ಹಿಂದಿನ ಪಟ್ಟಿಯ 1.0595 ಪಟ್ಟು, ಅಪ್ಪಟ ಗುಣೋತ್ತರ ಶ್ರೇಢಿ. ಇದರಿಂದ ಯಾವ ಪಟ್ಟಿಯನ್ನು ಷಡ್ಜ ಮಾಡಿಕೊಂಡರೂ ನುಡಿಸಬಹುದು. ಆದರೆ ಅದಕ್ಕೆ ಬೆಲೆಯಿದೆ. 240ರ ಷಡ್ಜದಿಂದ ಏಳು ಹೆಜ್ಜೆ ನಡೆದರೆ ಪಂಚಮ 359.6ಕ್ಕೆ ಬಂದು ನಿಲ್ಲುತ್ತದೆ, ತಂಬೂರಿಯ ಪಂಚಮ 360. ಇಷ್ಟನ್ನು ಯಾರೂ ದೂರುವುದಿಲ್ಲ. ನಾಲ್ಕು ಹೆಜ್ಜೆಯ ಶುದ್ಧ ಗಾಂಧಾರ ('ಗ') 302.4, ತಂಬೂರಿಯೊಳಗಿನಿಂದ ತಾನಾಗಿ ಕೇಳಿಬರುವ ಗಾಂಧಾರ 300. ಇದು ಪಳಗಿದ ಕಿವಿಗೆ ಮುಳ್ಳು. ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಿಂದ ಮೂರು ದಶಕಗಳಷ್ಟು ಕಾಲ ಹೊರಗಿಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ ಎಂಬುದರ ಜೊತೆಗೆ ಇದೂ ಒಂದು. ಕೆಲವರು ತಮ್ಮ ಪೇಟಿಯ ನಾಲಿಗೆಗಳನ್ನು ಕೆರೆಸಿ, ತಮ್ಮ ಒಂದೇ ಷಡ್ಜಕ್ಕೆ ಹೊಂದುವಂತೆ ಶ್ರುತಿ ಮಾಡಿಸಿಕೊಳ್ಳುತ್ತಾರೆ. ಗದಗಿನಲ್ಲಿ ಕುಳಿತವರಿಗೆ ನಾನು ಇದಕ್ಕಿಂತ ಹೆಚ್ಚು ಸಂಗೀತ ಹೇಳಿದರೆ ಉದ್ಧಟತನವಾದೀತು.

ಪ್ರಶ್ನೆ: ಹೊಲಿಗೆ ಯಂತ್ರ ಕೊಳ್ಳಲು ಪರಿಚಿತರೊಬ್ಬರಿಂದ 10,000 ರೂಪಾಯಿ ಸಾಲ ಮಾಡಿದೆ, ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ. ಯಜಮಾನರ ಕಾಯಿಲೆಯಿಂದ ಎರಡು ವರ್ಷ ಏನೂ ಕಟ್ಟಲಾಗಲಿಲ್ಲ. ನನ್ನ ಲೆಕ್ಕಕ್ಕೆ 17,200 ಆಗುತ್ತದೆ. ಅವರು 20,328 ಕೇಳುತ್ತಿದ್ದಾರೆ. ಹೆಚ್ಚಿನ 3,128 ಎಲ್ಲಿಂದ ಬಂತು?
(ಗೃಹಿಣಿ, ಹಳೇ ಹುಬ್ಬಳ್ಳಿ)

ತಾಯಿ, ನೀವು ಕೂಡಿಸಿದ್ದೀರಿ, ಅವರು ಗುಣಿಸಿದ್ದಾರೆ. ನಿಮ್ಮದು ಸರಳ ಬಡ್ಡಿ: ತಿಂಗಳಿಗೆ 300, 24 ತಿಂಗಳಿಗೆ 7,200. ಅವರದು ಚಕ್ರಬಡ್ಡಿ. ಮೊದಲ ತಿಂಗಳ 300 ಕಟ್ಟಲಿಲ್ಲವೆಂದು ಅಸಲಿಗೆ ಸೇರಿಸಿ, ಎರಡನೆಯ ತಿಂಗಳು 10,300ಕ್ಕೆ 309 ಬಡ್ಡಿ. ಮೂರನೆಯ ತಿಂಗಳು 318 ರೂಪಾಯಿ 27 ಪೈಸೆ. ಪ್ರತಿ ತಿಂಗಳೂ ಹಿಂದಿನದರ 1.03 ಪಟ್ಟು. 300ರಿಂದ ಹೊರಟ ಬಡ್ಡಿ 24ನೆಯ ತಿಂಗಳಿಗೆ 592 ರೂಪಾಯಿ. ಹೀಗೆ ಎರಡೇ ವರ್ಷಕ್ಕೆ ಸಾಲ ಇಮ್ಮಡಿಗಿಂತ ತುಸು ಮೇಲೆ ಹೋಗಿದೆ. ಅವರ ಅಂಕಗಣಿತದಲ್ಲಿ ತಪ್ಪಿಲ್ಲ. ತಪ್ಪಿದ್ದರೆ ಕರಾರಿನಲ್ಲಿದೆ.

ನಮ್ಮ ತಂದೆ ಗದಗಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸಾಲದ ಮಾತು ಬಂದಾಗ ಅವರು ದರ ಎಷ್ಟೆಂದು ಮೊದಲು ಕೇಳುತ್ತಿರಲಿಲ್ಲ. ಕಟ್ಟದ ಬಡ್ಡಿ ಅಸಲಿಗೆ ಸೇರುತ್ತದೋ ಇಲ್ಲವೋ ಎಂದು ಕೇಳುತ್ತಿದ್ದರು. ಅದು ಸೇರುವುದಾದರೆ ಅವರ ಬೆರಳ ಲೆಕ್ಕ ಸಿದ್ಧವಿತ್ತು: 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗುವ ಅವಧಿ. ತಿಂಗಳಿಗೆ ಶೇಕಡ 3 ಎಂದರೆ 24 ತಿಂಗಳು. ಬ್ಯಾಂಕಿನ ಠೇವಣಿಗೆ ವರ್ಷಕ್ಕೆ ಶೇಕಡ 8 ಸಿಕ್ಕರೆ 9 ವರ್ಷ, 6 ಸಿಕ್ಕರೆ 12 ವರ್ಷ. ಇದು ಅಂದಾಜಿನ ಸೂತ್ರ. ದರ ತೀರ ಹೆಚ್ಚಾದರೆ ಸ್ವಲ್ಪ ತಪ್ಪುತ್ತದೆ, ಆದರೆ ನಮ್ಮ ಬದುಕಿನಲ್ಲಿ ಬರುವ ದರಗಳಿಗೆ ಸಾಕು.

ಈಗ ಮುಖ್ಯ ಪ್ರಶ್ನೆ. ಚಕ್ರಬಡ್ಡಿ ಎಂದು ಅವರು ಕೊಡುವಾಗ ಹೇಳಿದ್ದರೇ? ಕಾಗದದಲ್ಲಿ ಬರೆದಿದೆಯೇ? ವಿಪರೀತ ಬಡ್ಡಿಯನ್ನು ತಡೆಯಲೆಂದೇ ರಾಜ್ಯದಲ್ಲಿ 2004ರ ಕಾನೂನು ಇದೆ. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತವಾಗಿ ಸಿಗುತ್ತದೆ. ಅದರ ಕಚೇರಿ ನ್ಯಾಯಾಲಯದ ಆವರಣದಲ್ಲಿ ಇರುತ್ತದೆ. 20,328 ಎಣಿಸಿ ಕೊಡುವ ಮೊದಲು ಅಲ್ಲಿಗೆ ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ನಮ್ಮ ಅಳಿಯ ಒಂದು ಯೋಜನೆ ತಂದಿದ್ದಾನೆ. 5,000 ರೂಪಾಯಿ ಕಟ್ಟಿ ಆರು ಜನರನ್ನು ಸೇರಿಸಬೇಕು, ಆ ಆರು ಜನ ತಲಾ ಆರು ಜನರನ್ನು. ಕೆಳಗಿನವರು ಸೇರಿದಂತೆಲ್ಲ ನಮಗೆ ಹಣ ಬರುತ್ತದಂತೆ. ಬರೀ ಆರು ಜನ ತಾನೇ, ಮೆಣಸಿನಕಾಯಿ ಪೇಟೆಯಲ್ಲಿ ನಿಮಗೆ ಯಾರು ಪರಿಚಯವಿಲ್ಲ ಮಾವ, ಎನ್ನುತ್ತಾನೆ. ಅಳಿಯನಿಗೆ ಇಲ್ಲವೆನ್ನುವುದು ಹೇಗೆ?
(ಹೆಸರು ಬೇಡ, ಬ್ಯಾಡಗಿ)

ಹೆಸರು ಬೇಡವೆಂದದ್ದು ಒಳ್ಳೆಯದಾಯಿತು. ಅಳಿಯಂದಿರೂ ಪತ್ರಿಕೆ ಓದುತ್ತಾರೆ.

ಮೊದಲು ನನ್ನ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ನಲವತ್ತು ವರ್ಷಗಳ ಹಿಂದೆ, ಹಾವೇರಿಯ ಕಡೆ ಹೊಸದಾಗಿ ಮಾಸ್ತರನಾಗಿದ್ದಾಗ, ಅಂಚೆಯಲ್ಲಿ ಒಂದು ಸರಪಳಿ ಪತ್ರ ಬಂತು. ಅದರಲ್ಲಿ ಐದು ಹೆಸರು. ಮೇಲಿನ ಹೆಸರಿಗೆ 25 ರೂಪಾಯಿ ಮನಿಯಾರ್ಡರ್ ಮಾಡಿ, ಅದನ್ನು ಹೊಡೆದುಹಾಕಿ, ಕೆಳಗೆ ನಮ್ಮ ಹೆಸರು ಬರೆದು ಆರು ಜನರಿಗೆ ಕಳುಹಿಸಬೇಕು. ನನ್ನ ಹೆಸರು ಮೇಲೆ ಬರುವಷ್ಟರಲ್ಲಿ 7,776 ಜನ ತಲಾ 25 ರೂಪಾಯಿ ಕಳುಹಿಸುತ್ತಾರೆ ಎಂದು ನಾನೇ 6ರ ಐದನೆಯ ಘಾತ ಹಾಕಿ ಲೆಕ್ಕ ಮಾಡಿದೆ. ಬಂದದ್ದು 1,94,400. ಅದೇ ವಾರ ತರಗತಿಯಲ್ಲಿ ಗುಣೋತ್ತರ ಶ್ರೇಢಿ ಮುಗಿಸಿದ್ದೆ. ಸೂತ್ರ ಕಲಿತವನು ಹೀಗೆ ಮೋಸ ಹೋಗುವುದೇ ಹೆಚ್ಚು. ಮನಿಯಾರ್ಡರ್ ಮಾಡಿದೆ, ಸಹೋದ್ಯೋಗಿಗಳಿಗೂ ಬಂಧುಗಳಿಗೂ ಆರು ಪತ್ರ ಬರೆದೆ. ಅಂಚೆಯಣ್ಣ ದಿನವೂ ನನ್ನ ಮನೆಯ ಮುಂದೆ ಸೈಕಲ್ ನಿಲ್ಲಿಸದೆ ಹೋದ. ಒಬ್ಬ ಬಂಧು ಮಾತ್ರ ಮುಂದೆ ಎಷ್ಟೋ ಮದುವೆಗಳಲ್ಲಿ ಎಲೆಯ ಮುಂದೆ ಕುಳಿತು ತನ್ನ 25 ರೂಪಾಯಿ ಕೇಳುತ್ತಿದ್ದ.

ನಾನು ಹಾಕದೆ ಬಿಟ್ಟ ಲೆಕ್ಕವನ್ನು ನಿಮಗಾಗಿ ಹಾಕುತ್ತೇನೆ. ಒಬ್ಬನಿಂದ ಶುರುವಾದರೆ ಮೊದಲ ಸುತ್ತಿಗೆ 6, ನಂತರ 36, 216, 1,296, 7,776. ಆರನೆಯ ಸುತ್ತಿಗೆ 46,656 ಹೊಸಬರು ಬೇಕು. ಬ್ಯಾಡಗಿ ಪಟ್ಟಣ ಅಲ್ಲಿಗೆ ಮುಗಿಯಿತು. ಎಂಟನೆಯ ಸುತ್ತಿಗೆ 16,79,616. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿನಗರದ ಒಟ್ಟು ಜನಸಂಖ್ಯೆ ಹತ್ತು ಲಕ್ಷವೂ ಇರಲಿಲ್ಲ. ಹತ್ತನೆಯ ಸುತ್ತಿಗೆ 6,04,66,176. ಅದೇ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ತೊಟ್ಟಿಲ ಕೂಸುಗಳನ್ನೂ ಸೇರಿಸಿಕೊಂಡರೂ ಹಿಂದಿನ ಒಂಬತ್ತು ಸುತ್ತಿನವರನ್ನು ಬಿಟ್ಟರೆ ಅಷ್ಟು ಹೊಸಬರು ರಾಜ್ಯದಲ್ಲಿ ಉಳಿದಿರುವುದಿಲ್ಲ.

ಜನ ಮುಗಿಯುತ್ತಾರೆ ಎಂಬುದು ಎಲ್ಲರೂ ಹೇಳುವ ಮಾತು. ಅಳಿಯ ಅದಕ್ಕೆ ಉತ್ತರ ಇಟ್ಟುಕೊಂಡಿರುತ್ತಾನೆ: ನಾವು ಬೇಗ ಸೇರಿದ್ದೇವೆ, ಅಷ್ಟರಲ್ಲಿ ಹೊರಬರುತ್ತೇವೆ. ಆಗ ಈ ಲೆಕ್ಕ ತೋರಿಸಿ. ಐದನೆಯ ಸುತ್ತಿನಲ್ಲಿ ಯೋಜನೆ ನಿಂತಿತು ಎನ್ನಿ. ಒಟ್ಟು ಸೇರಿದವರು 9,331. ಅವರಲ್ಲಿ ಕೊನೆಯ ಸುತ್ತಿನವರೇ 7,776. ಮೂರನೆಯ ಸುತ್ತಿನಲ್ಲೇ ನಿಂತಿತು ಎನ್ನಿ, 259ರಲ್ಲಿ 216. ಎಲ್ಲಿ ನಿಂತರೂ ಆರರಲ್ಲಿ ಐದು ಪಾಲು ಜನ ಕೊನೆಯ ಸುತ್ತಿನಲ್ಲೇ ಇರುತ್ತಾರೆ, ಕೆಳಗೆ ಒಬ್ಬರೂ ಇಲ್ಲದೆ, ಒಂದು ಪೈಸೆ ಕಾಣದೆ. ಮೇಲೆ ರಾಣೆಬೆನ್ನೂರಿನ ಹುಡುಗಿಗೆ ಜೋಳದಲ್ಲಿ ತೋರಿಸಿದ ಗುಣವೇ ಇದು: ಕೊನೆಯ ಮನೆ ಹಿಂದಿನದೆಲ್ಲಕ್ಕಿಂತ ದೊಡ್ಡದು. ಯೋಜನೆ ನಡೆಸುವವನು ಸತ್ಯಹರಿಶ್ಚಂದ್ರನೇ ಆಗಿದ್ದರೂ ಇದು ಬದಲಾಗದು.

ಅಳಿಯನಿಗೆ ಇಲ್ಲವೆನ್ನಲು ಮಾತು ಬೇಕಾದರೆ ಕಾನೂನನ್ನು ಮುಂದೆ ಮಾಡಿ. ಇಂಥ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾನೂನು 1978ರಿಂದ ಇದೆ. ನಡೆಸುವುದು ಮಾತ್ರವಲ್ಲ, ಸದಸ್ಯರಾಗಿ ಸೇರುವುದೂ ಅದರಲ್ಲಿ ಅಪರಾಧ. ಮಗಳ ಗಂಡ ಠಾಣೆಯ ಮೆಟ್ಟಿಲು ಹತ್ತುವುದು ಬೇಡ ಎಂದು ಅಕ್ಕರೆಯಿಂದಲೇ ಹೇಳಬಹುದು.

ಪ್ರಶ್ನೆ: 0.999… ಎಂದು ಕೊನೆಯಿಲ್ಲದೆ ಬರೆದರೆ ಅದು 1ಕ್ಕಿಂತ ಸ್ವಲ್ಪ ಕಡಿಮೆಯೋ, 1ಕ್ಕೆ ಸಮವೋ? ನಮ್ಮ ಶಿಕ್ಷಕರ ಕೊಠಡಿಯಲ್ಲಿ ಎರಡು ಪಕ್ಷಗಳಾಗಿವೆ.
(ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ)

ಸಮ. ಇದು 0.9, 0.09, 0.009 ಎಂದು ಹೋಗುವ ಗುಣೋತ್ತರ ಶ್ರೇಢಿಯ ಮೊತ್ತ, ಅನುಪಾತ ಹತ್ತರಲ್ಲಿ ಒಂದು. ಮತ್ತೆ ಪ್ರಾರ್ಥನೆಯ ಎರಡು ಸಾಲು ನಿಲ್ಲಿಸಿ. ಈ ಸಲ ಸಾಲಿಗೆ ತುದಿಯೇ ಇಲ್ಲ, ಆದ್ದರಿಂದ ತುದಿಯಲ್ಲಿ ಜೊತೆಯಿಲ್ಲದೆ ಉಳಿಯುವವನೂ ಇಲ್ಲ. ಉಳಿಯುವುದು ಮೊದಲಿನ 0.9 ಒಂದೇ. ಮೊತ್ತದಿಂದ ಅದರ ಹತ್ತನೆಯ ಒಂದು ಪಾಲು ಕಳೆದರೆ 0.9, ಅಂದರೆ ಮೊತ್ತದ ಹತ್ತರಲ್ಲಿ ಒಂಬತ್ತು ಪಾಲು 0.9, ಅಂದರೆ ಮೊತ್ತ 1. ಕಡಿಮೆ ಎನ್ನುವ ಪಕ್ಷದವರನ್ನು ಎಷ್ಟು ಕಡಿಮೆ ಎಂದು ಕೇಳಿ. ಅವರು ಎಷ್ಟೇ ಚಿಕ್ಕ ಸಂಖ್ಯೆ ಹೇಳಲಿ, ಇನ್ನಷ್ಟು ಒಂಬತ್ತುಗಳನ್ನು ಬರೆದು ಅದಕ್ಕಿಂತ ಹತ್ತಿರ ಹೋಗಬಹುದು. ಬಿಡುವಿನ ಗಂಟೆ ಮುಗಿಯುವುದರೊಳಗೆ ಒಪ್ಪದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಮಕ್ಕಳು ಶ್ರೇಢಿ ಎನ್ನುವಲ್ಲಿ ಶ್ರೇಣಿ ಎಂದು ಬರೆಯುತ್ತಾರೆ. ಸರಿಯಾದದ್ದು ಯಾವುದು? ಗುಣೋತ್ತರದಲ್ಲಿ 'ಉತ್ತರ' ಹೇಗೆ ಬಂತು?
(ನಿವೃತ್ತ ಕನ್ನಡ ಅಧ್ಯಾಪಕರು, ಲಕ್ಕುಂಡಿ)

ಗುರುಗಳೇ, ಕನ್ನಡದವರು ಗಣಿತದವನನ್ನು ಕನ್ನಡ ಕೇಳಿದ್ದು ನನ್ನ ಭಾಗ್ಯ. ಶ್ರೇಣಿ ಎಂದರೆ ಯಾವ ಸಾಲೂ ಆಗಬಹುದು. ಶ್ರೇಢಿ ಲೆಕ್ಕದವರ ಪಾರಿಭಾಷಿಕ ಪದ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ (1150) 'ಶ್ರೇಢೀ ವ್ಯವಹಾರ' ಎಂಬ ಪ್ರಕರಣವೇ ಇದೆ. ಉತ್ತರ ಎಂದರೆ ಇಲ್ಲಿ ಜವಾಬೂ ಅಲ್ಲ, ದಿಕ್ಕೂ ಅಲ್ಲ. ಪದದಿಂದ ಪದಕ್ಕೆ ಆಗುವ ಏರಿಕೆ. ಆ ಏರಿಕೆ ಗುಣಾಕಾರದಿಂದ ಆದರೆ ಗುಣೋತ್ತರ. ಭಾಸ್ಕರರಿಗಿಂತ ಮುನ್ನೂರು ವರ್ಷ ಮೊದಲು, ನಮ್ಮ ನಾಡನ್ನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಇದೇ ಮೊತ್ತವನ್ನು 'ಗುಣಸಂಕಲಿತ' ಎಂದು ಕರೆದು ನಿಯಮ ಹೇಳಿದ್ದಾರೆ.

ಲೀಲಾವತಿಯ ಒಂದು ಲೆಕ್ಕ ನಿಮಗೆ ರುಚಿಸಬಹುದು. ದಾನಿಯೊಬ್ಬ ಮೊದಲ ದಿನ ಎರಡು ಕವಡೆ ಕೊಟ್ಟು, ದಿನವೂ ಇಮ್ಮಡಿಸುತ್ತೇನೆ ಎಂದು ಮಾತು ಕೊಟ್ಟ. ತಿಂಗಳಿಗೆ ಎಷ್ಟು ನಿಷ್ಕವಾಯಿತು? 2ನ್ನು ಮೂವತ್ತು ಬಾರಿ ಗುಣಿಸುವ ಕಷ್ಟ ಭಾಸ್ಕರರಿಗೆ ಬೇಡ. 30 ಸಮಸಂಖ್ಯೆ, ಅರ್ಧ ಮಾಡಿ 'ವರ್ಗ' ಎಂದು ಗುರುತಿಸು. 15 ಬೆಸ, ಒಂದು ಕಳೆದು 'ಗುಣ' ಎಂದು ಗುರುತಿಸು. 14 ಸಮ, ಮತ್ತೆ ಅರ್ಧ. ಸೊನ್ನೆ ಬರುವವರೆಗೆ ಇಳಿದು, ಆಮೇಲೆ 1ರಿಂದ ಹೊರಟು, 'ಗುಣ' ಇದ್ದಲ್ಲಿ ಎರಡರಿಂದ, 'ವರ್ಗ' ಇದ್ದಲ್ಲಿ ಬಂದದ್ದನ್ನು ಅದರಿಂದಲೇ ಗುಣಿಸುತ್ತ ಕೆಳಗಿನಿಂದ ಹತ್ತಿ ಬಾ: 2, 4, 8, 64, 128, 16,384, 32,768, ಕೊನೆಗೆ 107,37,41,824. ಎಂಟೇ ಮೆಟ್ಟಿಲು. ಕೈಗಡದ ಒಂದು ಕಳೆದು, ಮೊದಲ ದಿನದ ಎರಡರಿಂದ ಗುಣಿಸಿದರೆ 214,74,83,646 ಕವಡೆ. ಇಪ್ಪತ್ತು ಕವಡೆಗೆ ಕಾಕಿಣಿ, ನಾಲ್ಕು ಕಾಕಿಣಿಗೆ ಪಣ, ಹದಿನಾರು ಪಣಕ್ಕೆ ದ್ರಮ್ಮ, ಹದಿನಾರು ದ್ರಮ್ಮಕ್ಕೆ ನಿಷ್ಕ. ಉತ್ತರ (ಈ ಸಲ ಜವಾಬೇ) 1,04,857 ನಿಷ್ಕ, 9 ದ್ರಮ್ಮ, 9 ಪಣ, 2 ಕಾಕಿಣಿ, 6 ಕವಡೆ. ಲಕ್ಷ ನಿಷ್ಕ ದಾಟಿದ ಮೇಲೂ ಆ ಆರು ಕವಡೆಯನ್ನು ಬಿಡದೆ ಬರೆದದ್ದನ್ನು ನೋಡಿ ನಮ್ಮ ಗುಮಾಸ್ತ ತಂದೆ ತಲೆದೂಗುತ್ತಿದ್ದರು.

ಪ್ರಶ್ನೆ: ಕಾಗದವನ್ನು 42 ಸಲ ಮಡಚಿದರೆ ಚಂದ್ರನನ್ನು ಮುಟ್ಟುತ್ತದೆಯೇ?
(ಎಂಟನೆಯ ತರಗತಿ, ಶಿಗ್ಗಾವಿ)

ಲೆಕ್ಕಕ್ಕೆ ಮುಟ್ಟುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪದ ಹಾಳೆ 42 ಮಡಿಕೆಗೆ 4,39,804 ಕಿಲೋಮೀಟರ್ ಆಗುತ್ತದೆ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಕೈಗೆ ಮಾತ್ರ ಆಗುವುದಿಲ್ಲ. ಇದೇ ಪುಟವನ್ನು ಮಡಚಿ ನೋಡು, ಆರು ಏಳಕ್ಕೆ ನಿಂತುಬಿಡುತ್ತದೆ. ಅಮೆರಿಕದ ಬ್ರಿಟ್ನಿ ಗ್ಯಾಲಿವನ್ ಎಂಬ ವಿದ್ಯಾರ್ಥಿನಿ 2002ರಲ್ಲಿ ಒಂದು ಕಿಲೋಮೀಟರಿಗೂ ಉದ್ದದ ಕಾಗದದ ಸುರುಳಿಯನ್ನು 12 ಸಲ ಮಡಚಿ ತೋರಿಸಿದಳು. ಮಡಚುವ ಮೊದಲು ಅಪ್ಪನಿಗೆ ಈ ಪುಟ ಓದಲು ಕೊಡು.

ಪ್ರಶ್ನೆ: ನಮ್ಮ ಬಡಾವಣೆಯ ಹಿಂದಿನ ಕೆರೆಯಲ್ಲಿ ಎರಡು ತಿಂಗಳ ಹಿಂದೆ ಒಂದು ಮೂಲೆಯಲ್ಲಿ ನೇರಳೆ ಹೂವಿನ ತೇಲುವ ಕಳೆ ಕಂಡಿತ್ತು. ಈಗ ಅರ್ಧ ಕೆರೆ ಮುಚ್ಚಿದೆ. ಇನ್ನೂ ಅರ್ಧ ಖಾಲಿಯಿದೆಯಲ್ಲ, ದೀಪಾವಳಿ ಮುಗಿಸಿ ತೆಗೆಸೋಣ ಎನ್ನುತ್ತಾರೆ ನಮ್ಮ ಸಮಿತಿಯವರು. ದೀಪಾವಳಿಗೆ ಇನ್ನೂ ಆರು ವಾರವಿದೆ.
(ಬೆಳಗಿನ ವಾಕಿಂಗ್‌ನವರು, ಧಾರವಾಡ)

ಈ ಕಳೆ ಬಿಸಿಲು, ಕೊಳಚೆ ನೀರು ಸಿಕ್ಕರೆ ಸುಮಾರು ಎರಡು ವಾರದಲ್ಲಿ ಇಮ್ಮಡಿಯಾಗಬಲ್ಲದು. ಹಿಂದಕ್ಕೆ ಲೆಕ್ಕ ಹಾಕಿ: ಎರಡು ವಾರದ ಹಿಂದೆ ಕಾಲು ಕೆರೆ, ನಾಲ್ಕು ವಾರದ ಹಿಂದೆ ಎಂಟರಲ್ಲಿ ಒಂದು, ಎಂಟು ವಾರದ ಹಿಂದೆ ಮೂವತ್ತೆರಡರಲ್ಲಿ ಒಂದು. ನೀವು ಕಂಡ ಮೂಲೆ ಅದೇ. ಅಂದು ತೆಗೆಸಿದ್ದರೆ ಇಂದಿನ ಕೂಲಿಯ ಹದಿನಾರನೆಯ ಒಂದು ಪಾಲು ಸಾಕಾಗುತ್ತಿತ್ತು. ಸಮಿತಿಯವರು ಅರ್ಧ ಮುಚ್ಚಲು ಹಿಡಿದ ಕಾಲವನ್ನು ನೋಡಿ, ಉಳಿದರ್ಧಕ್ಕೂ ಅಷ್ಟೇ ಕಾಲ ಇದೆ ಎಂದುಕೊಂಡಿದ್ದಾರೆ. ಉಳಿದಿರುವುದು ಎರಡು ವಾರ.

ನಿಮ್ಮ ಪತ್ರ ನನ್ನ ಕೈ ಸೇರಿ ಐದು ದಿನವಾಯಿತು. ಈ ಸಂಚಿಕೆ ಅಚ್ಚಾಗಿ ನಿಮ್ಮ ಮನೆಗೆ ಬರಲು ಇನ್ನೂ ಮೂರು ವಾರ ಬೇಕು. ಆದ್ದರಿಂದ ನಿಮಗೆ ಮಾತ್ರ ಇದೇ ಉತ್ತರವನ್ನು ಕಾರ್ಡಿನಲ್ಲಿ ಬರೆದು, ನಿನ್ನೆ ಸಂಜೆಯ ಅಂಚೆಗೆ ಹಾಕಿದ್ದೇನೆ.